ಬಿಟ್ಟ ಊಟ ಎಲ್ಲಿಗೆ ಹೋಯಿತು?

(ಕ್ರೈಸ್ತ ಜೀವನದಲ್ಲಿ ಉಪವಾಸ ಕುರಿತ ಉಪನ್ಯಾಸದ ಬರಹ ರೂಪ)

ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದ ಕಾಲ, ಹತ್ತಿರವಾಯಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ, “ಈ ಸಲ ಏನು ಬಿಡುತ್ತೀರಿ?” ಒಬ್ಬರು ಮಾಂಸ ಬಿಡುತ್ತಾರೆ, ಒಬ್ಬರು ಸಿಹಿ, ಇನ್ನೊಬ್ಬರು ಕಾಫಿ. ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ: ಬಿಟ್ಟದ್ದು ಎಲ್ಲಿಗೆ ಹೋಯಿತು? ಇವತ್ತಿನ ಮಾತೆಲ್ಲ ಈ ಎರಡನೆಯ ಪ್ರಶ್ನೆಯ ಸುತ್ತಲೇ.

ಈ ಪ್ರಶ್ನೆ ಹೊಸದಲ್ಲ. ಎರಡನೆಯ ಶತಮಾನದಲ್ಲಿ ರೋಮಿನ ಕ್ರೈಸ್ತರ ನಡುವೆ ಹುಟ್ಟಿದ ‘ಹೆರ್ಮಾಸನ ಕುರುಬ’ ಎಂಬ ಗ್ರಂಥ ಉಪವಾಸದ ಕ್ರಮವನ್ನು ಅಂಗಡಿಯ ಲೆಕ್ಕದಷ್ಟು ನಿಖರವಾಗಿ ಹೇಳುತ್ತದೆ. ಮೊದಲು ಕೆಟ್ಟ ಮಾತು, ಕೆಟ್ಟ ಆಸೆಗಳಿಂದ ಮನಸ್ಸನ್ನು ಶುದ್ಧ ಮಾಡಿಕೊಳ್ಳಬೇಕು. ಉಪವಾಸದ ದಿನ ರೊಟ್ಟಿ ಮತ್ತು ನೀರು ಬಿಟ್ಟು ಬೇರೇನನ್ನೂ ಮುಟ್ಟಬಾರದು. ಆಮೇಲೆ, ಆ ದಿನ ಉಣ್ಣಬೇಕಾಗಿದ್ದ ಅಡುಗೆಗೆ ಎಷ್ಟು ಖರ್ಚಾಗುತ್ತಿತ್ತೋ ಅದನ್ನು ಎಣಿಸಿ, ಅಷ್ಟನ್ನೂ ಒಬ್ಬ ವಿಧವೆಗೋ ತಬ್ಬಲಿಗೋ ಏನೂ ಇಲ್ಲದವರಿಗೋ ಕೊಡಬೇಕು. ಆ ಗ್ರಂಥದ ಪ್ರಕಾರ ಲೆಕ್ಕ ಹಾಕುವುದೂ ಉಪವಾಸದ ಒಳಗಿನ ಕೆಲಸವೇ. ಪ್ರಾರ್ಥನೆಯಷ್ಟೇ ಮುಖ್ಯ.

ಅದೇ ಶತಮಾನದಲ್ಲಿ ಅಥೆನ್ಸಿನ ಅರಿಸ್ತೀದ್ ಎಂಬ ಕ್ರೈಸ್ತ ತತ್ತ್ವಜ್ಞಾನಿ ರೋಮನ್ ಚಕ್ರವರ್ತಿಗೆ ಒಂದು ಅರಿಕೆ ಬರೆದ. ಈ ಹೊಸ ಜನ ಎಂಥವರು ಎಂದು ವಿವರಿಸುತ್ತಾ ಆತ ಹೇಳುವ ಒಂದು ಸಂಗತಿ ಇದು: ಅವರಲ್ಲಿ ಒಬ್ಬ ಬಡವನಿದ್ದು, ಕೊಡಲು ತಮ್ಮ ಬಳಿ ಹೆಚ್ಚಿಗೆ ಏನೂ ಇಲ್ಲದಿದ್ದರೆ, ಎರಡು ಮೂರು ದಿನ ಉಪವಾಸವಿದ್ದು ಅವನಿಗೆ ಬೇಕಾದ ಆಹಾರ ಒದಗಿಸುತ್ತಾರೆ. ಗಮನಿಸಿ, ಇಲ್ಲಿ ಉಪವಾಸ ಮಾಡುತ್ತಿರುವವರು ಉಳ್ಳವರಲ್ಲ. ಅವರ ಕೈಯಲ್ಲಿ ಕೊಡುವುದಕ್ಕಿದ್ದದ್ದು ತಮ್ಮ ತಟ್ಟೆಯ ಅನ್ನ ಒಂದೇ. ಕ್ರೈಸ್ತ ಉಪವಾಸದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಇನ್ನೊಂದು ಚಿತ್ರ ಸಿಗುವುದು ಕಷ್ಟ.

ಚರ್ಚುಗಳಲ್ಲಿ ಕನ್ನಡದಲ್ಲಿ ಪ್ರಸಂಗ (ಬೋಧನೆ) ಮಾಡುವವರು ‘ಉಪ’ ಎಂದರೆ ಹತ್ತಿರ, ‘ವಾಸ’ ಎಂದರೆ ಇರುವುದು, ಆದ್ದರಿಂದ ಉಪವಾಸವೆಂದರೆ ದೇವರ ಹತ್ತಿರ ಇರುವುದು ಎಂದು ಬಿಡಿಸಿ ಹೇಳುವುದುಂಟು. ಭಾವ ಚೆನ್ನಾಗಿದೆ, ತಕರಾರಿಲ್ಲ. ಆದರೆ ಅದು ನಮ್ಮ ನೆಲದ ಪದ ಕೊಟ್ಟ ಅರ್ಥ. ಹೊಸ ಒಡಂಬಡಿಕೆಯ ಗ್ರೀಕ್ ಪದ ‘ನೇಸ್ತೇಯಾ’ ಎಂದರೆ ಉಣ್ಣದಿರುವುದು, ಅಷ್ಟೇ. ಬೈಬಲಿನ ಯಾಜಕಕಾಂಡದ 16ನೆಯ ಅಧ್ಯಾಯ ಯೆಹೂದ್ಯರ ದೋಷಪರಿಹಾರಕ ದಿನದ ಬಗ್ಗೆ ಹೇಳುವಾಗ ಬಳಸುವ ಮಾತು ಇನ್ನೂ ಒರಟು: ನಿಮ್ಮನ್ನು ನೀವೇ ಕುಗ್ಗಿಸಿಕೊಳ್ಳಿರಿ. ಹೊಟ್ಟೆ ಹಸಿಯಬೇಕು, ಮೈ ಸ್ವಲ್ಪ ಸೋಲಬೇಕು. ‘ಮೊಬೈಲ್ ಉಪವಾಸ’, ‘ಸೀರಿಯಲ್ ಉಪವಾಸ’ ಎಂಬ ಮಾತುಗಳು ಈಗ ಬಂದಿವೆ. ಅವು ಒಳ್ಳೆಯ ಸಂಯಮಗಳು. ಕಾಯಿಲೆಯಿಂದ ಊಟ ಬಿಡಲಾಗದವರಿಗೆ ಅವೇ ಸರಿಯಾದ ದಾರಿ. ಆರೋಗ್ಯವಂತರು ಮಾತ್ರ ಅವನ್ನು ಹಸಿವಿನ ಜಾಗದಲ್ಲಿ ಕೂರಿಸಬಾರದು. ಹಸಿದವನ ಸಂಕಟ ಏನೆಂದು ಹಸಿವೆಯೇ ಕಲಿಸಬೇಕು, ಬೇರೆ ಯಾವುದೂ ಕಲಿಸುವುದಿಲ್ಲ.

ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯವನ್ನು ನೀವೆಲ್ಲ ಕೇಳಿದ್ದೀರಿ. ಹಸಿದವರಿಗೆ ಅನ್ನ ಹಂಚುವುದು, ಮನೆಯಿಲ್ಲದವರನ್ನು ಮನೆಗೆ ಕರೆದುಕೊಳ್ಳುವುದು, ನೊಗದ ಕಣ್ಣಿ ಬಿಚ್ಚುವುದು ಎಂಬ ಭಾಗವನ್ನು ಪ್ರತಿ ವರ್ಷ ಓದುತ್ತೇವೆ. ಅದಕ್ಕೂ ಮುಂಚಿನ ಮೂರನೆಯ ವಚನವನ್ನು ನಿಂತು ಓದುವವರು ಕಡಿಮೆ. ನೀವು ಉಪವಾಸದ ದಿನದಲ್ಲೇ ನಿಮ್ಮ ವ್ಯವಹಾರ ನೋಡಿಕೊಳ್ಳುತ್ತೀರಿ, ನಿಮ್ಮ ಆಳುಗಳಿಂದ ಬಿಗಿಯಾಗಿ ದುಡಿಸುತ್ತೀರಿ ಎಂಬುದು ಅಲ್ಲಿನ ದೂರು. ಇದನ್ನು ನಮ್ಮ ಮನೆಯೊಳಗೆ ತಂದು ನೋಡಿ. ಯಜಮಾನರು ಶುಕ್ರವಾರ ಮಧ್ಯಾಹ್ನದ ಊಟ ಬಿಡುತ್ತಾರೆ. ಸಂಜೆ ಉಪವಾಸ ಮುರಿಯುವುದಕ್ಕೆಂದು ಹೆಂಡತಿಯೋ ಸೊಸೆಯೋ ಎರಡು ಗಂಟೆ ಒಲೆ ಮುಂದೆ ನಿಂತು ಬಿಸಿಬಿಸಿ ಅಡುಗೆ ಮಾಡುತ್ತಾಳೆ, ಅದೂ ತಾನೂ ಹಸಿದುಕೊಂಡು. ಪಾತ್ರೆ ತೊಳೆಯುವವಳಿಗೆ ತಿಂಗಳ ಸಂಬಳ ಹತ್ತನೆಯ ತಾರೀಕಾದರೂ ಸಿಕ್ಕಿಲ್ಲ. ಈ ಉಪವಾಸದ ಭಾರ ಯಾರ ಮೈ ಮೇಲೆ ಬಿತ್ತು? ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವಂತೆ, ಹಿಡಿದಿಟ್ಟುಕೊಂಡ ಕೂಲಿ ತಾನೇ ಕೂಗಿಕೊಳ್ಳುತ್ತದೆ. ಹಾಗಾಗಿ ತಪಸ್ಸುಕಾಲದ ಸಿದ್ಧತೆಯಲ್ಲಿ ಮೊದಲ ಕೆಲಸ ಬಾಕಿ ಕೂಲಿ ಚುಕ್ತಾ ಮಾಡುವುದು. ಎರಡನೆಯದು, ಉಪವಾಸದ ದಿನ ಅಡುಗೆಮನೆಗೂ ಬಿಡುವು ಕೊಡುವುದು. ಬೆಳಿಗ್ಗೆಯೇ ಒಂದು ಪಾತ್ರೆ ಗಂಜಿ, ಒಂದು ಚಟ್ನಿ ಮಾಡಿಟ್ಟರೆ ಸಂಜೆಗೆ ಸಾಕು.

ಯೋನನ ಗ್ರಂಥದಲ್ಲಿ ಬರುವ ನಿನೆವೆ ಪಟ್ಟಣದ ಉಪವಾಸವೂ ಹೀಗೇ. ಅಲ್ಲಿ ಅರಸ, ಪ್ರಜೆ, ದನಕರು ಎಲ್ಲರೂ ಗೋಣಿತಟ್ಟು ಸುತ್ತಿಕೊಂಡು ಅನ್ನ ನೀರು ಬಿಟ್ಟರು. ಆದರೆ ದೇವರು ನೋಡಿದ್ದು ಏನನ್ನು? 3ನೆಯ ಅಧ್ಯಾಯದ ಕೊನೆಯ ವಚನದ ಪ್ರಕಾರ ಅವರ ಕೃತ್ಯಗಳನ್ನು, ಅವರು ದುರ್ಮಾರ್ಗ ಬಿಟ್ಟು ತಿರುಗಿಕೊಂಡದ್ದನ್ನು. ದೇವರು ಅವರ ಗೋಣಿತಟ್ಟನ್ನೂ ಉಪವಾಸವನ್ನೂ ನೋಡಿದನೆಂದು ಅಲ್ಲಿ ಬರೆದಿಲ್ಲ ಎಂಬುದನ್ನು ಯೆಹೂದ್ಯರ ಮಿಷ್ನಾ ಗ್ರಂಥವೇ ಎತ್ತಿ ತೋರಿಸುತ್ತದೆ. ಸಿರಿಯನ್ ಪರಂಪರೆಯ ಕ್ರೈಸ್ತ ಸಭೆಗಳು ಇಂದಿಗೂ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸಕ್ಕೆ ಮೂರು ವಾರ ಮುಂಚೆ ಮೂರು ದಿನ ನಿನೆವೆಯ ಉಪವಾಸ ಆಚರಿಸುತ್ತವೆ. ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೇ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಸಭೆಯೊಂದಿದೆ. ಉಪವಾಸದ ಈ ಹಳೆಯ ಪಂಚಾಂಗ ನಮಗೆ ತೀರ ದೂರದ್ದೇನಲ್ಲ.

ಇನ್ನು ಯೇಸುವಿನ ಮಾತು. ಮತ್ತಾಯನ 6ನೆಯ ಅಧ್ಯಾಯದಲ್ಲಿ ಮೂರು ವಿಷಯಗಳು ಒಂದರ ಹಿಂದೊಂದು ಬರುತ್ತವೆ: ದಾನ, ಪ್ರಾರ್ಥನೆ, ಉಪವಾಸ. ದಾನ ಮೊದಲು, ಉಪವಾಸ ಕೊನೆಗೆ. ಮೂರನ್ನೂ ಒಂದೇ ಎಚ್ಚರಿಕೆಯ ದಾರದಲ್ಲಿ ಪೋಣಿಸಿದೆ: ಜನ ನೋಡಲೆಂದು ಮಾಡಬೇಡಿ. ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಮುಖ ತೊಳೆದುಕೊಳ್ಳಿ ಎಂದರೆ ದಿನನಿತ್ಯ ಹೇಗಿರುತ್ತೀರೋ ಹಾಗೇ ಇರಿ ಎಂದರ್ಥ. ಹಾಗಾದರೆ ಎಲ್ಲರೂ ಸೇರಿ ಒಂದೇ ದಿನ ಉಪವಾಸ ಮಾಡುವುದು ತೋರಿಕೆಯೇ? ಅಲ್ಲ. ಮೊದಲ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ ‘ದಿದಾಖೆ’ ಎಂಬ ಸಭಾ ಕೈಪಿಡಿ ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡಿ ಎಂದು ದಿನವನ್ನೇ ಗೊತ್ತುಮಾಡಿತ್ತು. ಎಲ್ಲರೂ ಹಸಿದಿರುವಾಗ ಯಾರೊಬ್ಬರೂ ಎದ್ದು ಕಾಣುವುದಿಲ್ಲ. ಎದ್ದು ಕಾಣುವುದು ಒಬ್ಬರು ತಮ್ಮ 21 ದಿನದ, 40 ದಿನದ ಉಪವಾಸವನ್ನು ಬ್ಯಾನರಿನಲ್ಲೋ ವಾಟ್ಸಾಪಿನಲ್ಲೋ ಸಾರಿದಾಗ. ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆಂದು ಲೂಕನ 18ನೆಯ ಅಧ್ಯಾಯದ ಫರಿಸಾಯ (ಯೆಹೂದ್ಯರ ಕಟ್ಟುನಿಟ್ಟಿನ ಪಂಗಡದವ) ಹೇಳಿದ್ದು ಸುಳ್ಳಲ್ಲ. ಲೆಕ್ಕ ಸರಿಯಿತ್ತು. ಆ ಲೆಕ್ಕವನ್ನು ಪಕ್ಕದಲ್ಲಿ ನಿಂತ ಸುಂಕದವನ ಎದುರು ಹಿಡಿದು ಅಳೆದದ್ದೇ ಅವನ ಸೋಲು.

ಉಪವಾಸ ಪ್ರಾರ್ಥನೆಯ ಕೂಟಗಳಲ್ಲಿ ಮಾರ್ಕನ 9ನೆಯ ಅಧ್ಯಾಯದ 29ನೆಯ ವಚನ ತುಂಬ ಕೇಳಿಬರುತ್ತದೆ, ಈ ಜಾತಿಯ ದೆವ್ವ ಪ್ರಾರ್ಥನೆ, ಉಪವಾಸಗಳಿಂದಲ್ಲದೆ ಬಿಟ್ಟುಹೋಗುವುದಿಲ್ಲ ಎಂಬುದು. ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ‘ಉಪವಾಸ’ ಎಂಬ ಪದ ಅಲ್ಲಿಲ್ಲ. ಹೊಸ ಅನುವಾದಗಳು ಅದನ್ನು ಅಡಿಟಿಪ್ಪಣಿಗೆ ಇಳಿಸಿರುವುದು ಅದಕ್ಕೇ. ಇದರಿಂದ ಗಾಬರಿಯಾಗಬೇಕಿಲ್ಲ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭೆ ಉಪವಾಸವಿದ್ದು ಪ್ರಾರ್ಥಿಸಿಯೇ ಬಾರ್ನಬ ಸೌಲರನ್ನು ಕಳುಹಿಸಿತು. ಆಧಾರಕ್ಕೆ ಕೊರತೆಯಿಲ್ಲ. ಆದರೆ ಆ ಒಂದು ವಚನ ಹಿಡಿದುಕೊಂಡು ಹಸಿವನ್ನು ಒಂದು ಶಕ್ತಿಯಂತೆ, ದೇವರ ಕೈ ಹಿಡಿದು ಎಳೆಯುವ ಹಗ್ಗದಂತೆ ಬಳಸುವುದು ತಪ್ಪು. ವೀಸಾ ಸಿಗಲಿ, ಸೈಟಿನ ಕೇಸು ಗೆಲ್ಲಲಿ ಎಂದು ಪ್ರಾರ್ಥಿಸುವುದರಲ್ಲಿ ದೋಷವಿಲ್ಲ. ಮೂರು ದಿನ ಉಣ್ಣಲಿಲ್ಲ, ಆದ್ದರಿಂದ ಕೊಡಲೇಬೇಕು ಎನ್ನುವುದು ಮಾತ್ರ ಪ್ರಾರ್ಥನೆಯಲ್ಲ, ಚೌಕಾಸಿ. ಕಾಯಿಲೆಬಿದ್ದ ತನ್ನ ಮಗು ಉಳಿಯಲೆಂದು ಅರಸ ದಾವೀದ ಏಳು ದಿನ ನೆಲದ ಮೇಲೆ ಬಿದ್ದು ಉಪವಾಸವಿದ್ದ, ಮಗು ಉಳಿಯಲಿಲ್ಲ. ಅವನು ಎದ್ದು ಸ್ನಾನ ಮಾಡಿ, ಮೊದಲು ದೇವರ ಮನೆಗೆ ಹೋಗಿ ಅಡ್ಡಬಿದ್ದು, ಆಮೇಲೆ ಊಟ ಮಾಡಿದ. ಬೇಡಿದ್ದು ಸಿಗದ ಉಪವಾಸವನ್ನು ಮುರಿಯುವುದು ಹೇಗೆಂದು 2ನೆಯ ಸಮುವೇಲ 12ನೆಯ ಅಧ್ಯಾಯ ಕಲಿಸುತ್ತದೆ.

ನಲವತ್ತು ದಿನದ ಲೆಕ್ಕ ಬೆಳೆದು ಬಂದದ್ದು ನಿಧಾನವಾಗಿ. ಎರಡನೆಯ ಶತಮಾನದಲ್ಲಿ ಈಸ್ಟರಿಗೆ ಮುಂಚೆ ಕೆಲವರು ಒಂದು ದಿನ, ಕೆಲವರು ಎರಡು, ಕೆಲವರು ನಲವತ್ತು ಗಂಟೆ ಉಪವಾಸ ಮಾಡುತ್ತಿದ್ದರೆಂದು ಆ ಕಾಲದ ಧರ್ಮಾಧ್ಯಕ್ಷ (ಬಿಷಪ್) ಐರೇನಿಯಸ್ ಬರೆದಿದ್ದಾರೆ. 325ರ ನಿಕೇಯ ಮಹಾಸಭೆಯ ಹೊತ್ತಿಗೆ ‘ನಲವತ್ತು’ ಎಂಬ ಹೆಸರು ಬಳಕೆಗೆ ಬಂದಿತ್ತು. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರಿನ ಮುನ್ನಾದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿದರೆ 46 ದಿನ. ಆರು ಭಾನುವಾರ ಕಳೆದರೆ 40. ಭಾನುವಾರ ಪುನರುತ್ಥಾನದ ದಿನ, ಅವತ್ತು ಉಪವಾಸವಿಲ್ಲ.

ಕಥೋಲಿಕರ ಸಾರ್ವತ್ರಿಕ ನಿಯಮ ಈಗ ತುಂಬ ಹಗುರ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಈ ಎರಡೇ ದಿನ ಕಡ್ಡಾಯ ಉಪವಾಸ. 1966ರಲ್ಲಿ ಪೋಪ್ ಆರನೆಯ ಪೌಲರು ಗೊತ್ತುಮಾಡಿದಂತೆ, ಆ ದಿನ ಒಂದು ಪೂರ್ಣ ಊಟ, ಬೆಳಿಗ್ಗೆ ಸಂಜೆ ಸ್ವಲ್ಪ ಆಹಾರ. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಶುಕ್ರವಾರಗಳ ಮಾಂಸವರ್ಜನೆ 14 ತುಂಬಿದವರಿಗೆಲ್ಲ. ಅದರ ಬದಲು ಬೇರೆ ತಪಸ್ಸನ್ನೋ ಸೇವೆಯನ್ನೋ ಗೊತ್ತುಮಾಡುವ ಅಧಿಕಾರ ಆಯಾ ದೇಶದ ಧರ್ಮಾಧ್ಯಕ್ಷರ ಮಂಡಳಿಗಿದೆ. ಪೂಜೆಯಲ್ಲಿ ಸ್ವೀಕರಿಸುವ ಪರಮ ಪ್ರಸಾದಕ್ಕೆ ಮುಂಚಿನ ಉಪವಾಸ ಒಂದು ಗಂಟೆ. ನೀರು, ಔಷಧಿಯಿಂದ ಅದು ಮುರಿಯುವುದಿಲ್ಲ. ಮಾಂಸವರ್ಜನೆಯಲ್ಲಿ ಮೀನಿಗೆ ತಡೆಯಿಲ್ಲ. ಕರಾವಳಿಯ ಮನೆಗಳಲ್ಲಿ ಶುಕ್ರವಾರ ಕೋಳಿ ಬಿಟ್ಟು ಕೋಳಿಗಿಂತ ದುಬಾರಿಯಾದ ಅಂಜಲ್ ತಂದು ಹುರಿದರೆ ನಿಯಮ ಮುರಿಯಲಿಲ್ಲ, ಉಪವಾಸವೂ ಆಗಲಿಲ್ಲ. ನಿಯಮ ಕೇಳುವುದು ಕನಿಷ್ಠವನ್ನು. ಅರ್ಥ ಅದರಾಚೆಗಿದೆ.

ಪ್ರೊಟೆಸ್ಟಂಟ್ ಸಭೆಗಳ ದಾರಿ ಬೇರೆ. 1522ರ ತಪಸ್ಸುಕಾಲದಲ್ಲಿ ಜೂರಿಕ್ ನಗರದ ಮುದ್ರಕನೊಬ್ಬನ ಮನೆಯಲ್ಲಿ ಮಾಂಸದ ಸಾಸೇಜ್ ತಿಂದದ್ದೇ ದೊಡ್ಡ ಗಲಾಟೆಯಾಯಿತು. ಆಹಾರ ಆರಿಸಿಕೊಳ್ಳಲು ಕ್ರೈಸ್ತನು ಸ್ವತಂತ್ರ ಎಂದು ಅಲ್ಲಿನ ಸಭಾಸುಧಾರಕ ತ್ಸ್ವಿಂಗ್ಲಿ ಪ್ರಸಂಗ ಮಾಡಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಆ ಸುಧಾರಣೆಯ ನೆಲದಿಂದಲೇ ಬಂದವರು. ಆದರೆ ಸುಧಾರಕರು ಕಡ್ಡಾಯವನ್ನು ಬೇಡವೆಂದರೇ ಹೊರತು ಉಪವಾಸವನ್ನಲ್ಲ. ಲೂಥರ್ ಅದನ್ನು ಒಳ್ಳೆಯ ಹೊರಗಿನ ಶಿಸ್ತೆಂದರು, ಕಾಲ್ವಿನ್ ಅದರ ಉದ್ದೇಶಗಳನ್ನು ವಿವರವಾಗಿ ಬರೆದರು. ಮೆಥಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ ಆಕ್ಸ್‌ಫರ್ಡಿನ ದಿನಗಳಲ್ಲಿ ಬುಧವಾರ, ಶುಕ್ರವಾರ ಮಧ್ಯಾಹ್ನ ಮೂರರವರೆಗೆ ಉಪವಾಸವಿರುತ್ತಿದ್ದರು. ಈ ಮೂರು ಗಂಟೆ ಆದಿಸಭೆಯ ‘ಒಂಬತ್ತನೆಯ ತಾಸು’, ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟ ಹೊತ್ತು.

ಹೊಸದಾಗಿ ತೊಡಗುವವರಿಗೆ ಮಧ್ಯಾಹ್ನ ಮೂರರವರೆಗಿನ ಈ ಅಳತೆಯೇ ಒಳ್ಳೆಯದು. ಗುರುವಾರ ರಾತ್ರಿ ಎಂದಿನಂತೆ ಊಟ ಮಾಡಿ, ‘ನಾಳೆ ಇಲ್ಲವಲ್ಲ’ ಎಂದು ಹೆಚ್ಚಿಗೆ ತುಂಬಿಕೊಳ್ಳಬೇಡಿ. ಶುಕ್ರವಾರ ಬೆಳಿಗ್ಗೆಯ ತಿಂಡಿ, ಮಧ್ಯಾಹ್ನದ ಊಟ ಎರಡನ್ನೂ ಬಿಟ್ಟು ಮೂರು ಗಂಟೆಗೆ ಮುರಿಯಿರಿ. ನೀರು ಬಿಡಬೇಡಿ, ಒಂದೊಂದು ಗಂಟೆಗೆ ಒಂದು ಲೋಟ. ಸೆಕೆಗಾಲದಲ್ಲೇ ತಪಸ್ಸುಕಾಲ ಬರುವುದರಿಂದ ಬಿಸಿಲಲ್ಲಿ ದುಡಿಯುವವರು ನೀರಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆಯಾಗುವುದು ಹೆಚ್ಚಾಗಿ ನೀರು, ಉಪ್ಪು ಕಡಿಮೆಯಾಗಿ. ತಲೆನೋವಿಗೆ ಹಸಿವಿಗಿಂತ ಹೆಚ್ಚಾಗಿ ಕಾಫಿ, ಟೀ ಒಮ್ಮೆಲೇ ನಿಂತದ್ದು ಕಾರಣ. ನಾಲ್ಕೈದು ದಿನ ಮುಂಚಿನಿಂದಲೇ ದಿನಕ್ಕೆ ಅರ್ಧ ಲೋಟ ಕಡಿಮೆ ಮಾಡುತ್ತಾ ಬನ್ನಿ. ಮುರಿಯುವಾಗ ಮೊದಲು ಒಂದು ಲೋಟ ಮಜ್ಜಿಗೆ ಅಥವಾ ಒಂದು ಬಾಳೆಹಣ್ಣು, ಹದಿನೈದು ನಿಮಿಷ ಬಿಟ್ಟು ಗಂಜಿ. ಖಾಲಿ ಹೊಟ್ಟೆಗೆ ಬಜ್ಜಿ, ಖಾರದ ಸಾರು ಬಿದ್ದರೆ ಎದೆಯುರಿ ಖಚಿತ.

ಹನ್ನೊಂದು ಗಂಟೆಯ ಹೊತ್ತಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಇದನ್ನು ಸೋಲೆಂದುಕೊಳ್ಳಬೇಡಿ. ದಿನವೂ ಅನ್ನದ ಕೆಳಗೆ ಅಡಗಿರುವ ಸಿಟ್ಟು ಅದು, ಈಗ ಮುಖ ತೋರಿಸಿದೆ. ಪಾಪನಿವೇದನೆಗೆ ಹೋಗುವವರು ಅದನ್ನೇ ಬರೆದಿಟ್ಟುಕೊಳ್ಳಲಿ. ಊಟದ ಆ ಅರ್ಧ ಗಂಟೆ ಬಿಡುವಾಯಿತಲ್ಲ, ಅದಕ್ಕೂ ಎರಡನೆಯ ಪ್ರಶ್ನೆ ಅನ್ವಯಿಸುತ್ತದೆ. ಆ ಹೊತ್ತು ಫೋನಿಗೆ ಹೋದರೆ ಉಳಿದದ್ದು ಬರೀ ಹಸಿವು. ಬೈಬಲಿನ ಒಂದು ಕೀರ್ತನೆ ನಿಧಾನವಾಗಿ ಓದಿ, 51 ಅಥವಾ 130. ಮೂವರ ಹೆಸರು ಹೇಳಿ ಪ್ರಾರ್ಥಿಸಿ. ಅವರಲ್ಲಿ ಒಬ್ಬರಾದರೂ ನಿಮಗೆ ಆಗದವರಿರಲಿ.

ಯಾರು ಉಪವಾಸ ಮಾಡಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು, ಏಕೆಂದರೆ ಭಕ್ತಿಯ ಹೆಸರಲ್ಲಿ ಜೀವಕ್ಕೆ ಅಪಾಯವಾಗಬಾರದು. ಗರ್ಭಿಣಿಯರು, ಎದೆಹಾಲು ಕುಡಿಸುವವರು, ಮಕ್ಕಳು, ಬಳಲಿದ ವೃದ್ಧರು, ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರು, ಊಟದ ಬಗ್ಗೆಯೇ ಮಾನಸಿಕ ಕಾಯಿಲೆ ಇರುವವರು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಆಮ್ಲ ಏರುವ ಇನ್ನೊಂದು ಅಪಾಯವಿದೆ. ಇವರೆಲ್ಲ ವೈದ್ಯರನ್ನು ಕೇಳದೆ ಒಂದು ಹೊತ್ತೂ ಬಿಡಬಾರದು. ಕೂಟದಲ್ಲಿ ಯಾರಿಗಾದರೂ ಬೆವರು, ಕೈ ನಡುಕ, ಮಾತು ತೊದಲುವುದು ಕಂಡರೆ, ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಮೂರು ಟೀ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಉಪವಾಸ ಮುರಿಯಬಾರದೆಂದು ಆ ಸಕ್ಕರೆ ನೀರನ್ನು ತಡೆಯುವ ಹಕ್ಕು ಯಾವ ಸಭಾಪಾಲಕರಿಗೂ ಇಲ್ಲ.

ಐದು ದಿನಕ್ಕೂ ಮೀರಿ ಹೆಚ್ಚುಕಡಿಮೆ ಏನೂ ಉಣ್ಣದಿದ್ದವರಿಗೆ ಅಪಾಯ ಇರುವುದು ಮತ್ತೆ ಉಣ್ಣುವಾಗ. ಒಮ್ಮೆಲೇ ಅನ್ನ, ಸಿಹಿ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ಹೋಗಿಬಿಡುತ್ತವೆ. ಹೃದಯದ ಬಡಿತವೇ ತಪ್ಪಬಹುದು. 40 ದಿನ ಬರೀ ನೀರು ಕುಡಿದು ಯೇಸುವನ್ನು ಅನುಸರಿಸುತ್ತೇನೆ ಎನ್ನುವವರನ್ನು ಪ್ರೀತಿಯಿಂದ ತಡೆಯಿರಿ. ದಾನಿಯೇಲನು ಮೂರು ವಾರ ಮಾಂಸ, ದ್ರಾಕ್ಷಾರಸ, ರುಚಿಪದಾರ್ಥ ಬಿಟ್ಟು ಸಾದಾ ಊಟ ಮಾಡಿದ. ಬೈಬಲಿನಲ್ಲಿ ಆ ಮಾದರಿಯೂ ಇದೆ, ದೀರ್ಘ ಕಾಲಕ್ಕೆ ಅದೇ ನಮಗೆ ಸರಿ.

ಈಗ ಹಣದ ಲೆಕ್ಕ. ಬೂದಿ ಬುಧವಾರದ ಮರುದಿನ ಬಿಟ್ಟು ಬರುವ ಶುಕ್ರವಾರದಿಂದ ಶುಭ ಶುಕ್ರವಾರದವರೆಗೆ ಏಳು ಶುಕ್ರವಾರ. ನಾಲ್ವರ ಮನೆಯಲ್ಲಿ ವಾರಕ್ಕೊಂದು ಊಟ ಬಿಟ್ಟರೆ 28 ಊಟ. ತಲೆಗೆ 100 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ ಎಂದರೆ 2 ಕಿಲೋ 800 ಗ್ರಾಂ ಅಕ್ಕಿ, 840 ಗ್ರಾಂ ಬೇಳೆ. ಒಂದೂಟಕ್ಕೆ 50 ರೂಪಾಯಿ ಹಿಡಿದರೆ 1,400 ರೂಪಾಯಿ. ಮೊತ್ತ ಸಣ್ಣದೇ. ಆದರೆ ನೂರು ಮನೆಯ ಧರ್ಮಕೇಂದ್ರದಲ್ಲಿ ಅದು 1,40,000 ಆಗುತ್ತದೆ. ಮಿಜೋರಾಮಿನ ಮನೆಗಳಲ್ಲಿ ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಸಭೆಗೆಂದು ತೆಗೆದಿಡುವ ಪದ್ಧತಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿದೆ. ಆ ಹಿಡಿ ಅಕ್ಕಿ ಅಲ್ಲಿನ ಸಭೆಗಳ ಕೆಲಸಕ್ಕೆ ದೊಡ್ಡ ಆಧಾರ.

ಇದರಲ್ಲಿ ತಪ್ಪುವುದು ಒಂದೇ ಕಡೆ: ಹಣವನ್ನು ಬೇರೆ ಇಡದಿರುವುದು. ಕೊನೆಗೆ ಒಟ್ಟಿಗೆ ಕೊಡೋಣ ಎಂದುಕೊಂಡದ್ದು ಗ್ಯಾಸಿಗೋ ಕರೆಂಟ್ ಬಿಲ್ಲಿಗೋ ಕರಗಿಹೋಗುತ್ತದೆ. ಅಡುಗೆಮನೆಯಲ್ಲೇ ಒಂದು ಡಬ್ಬಿ ಇಡಿ. ಉಪವಾಸ ಮುರಿಯುವ ಮುಂಚೆ, ಗಂಜಿಯ ಬಟ್ಟಲು ಮುಟ್ಟುವ ಮುಂಚೆ, ಆ ದಿನದ ಮೊತ್ತ ಅದರೊಳಗೆ ಬೀಳಲಿ. ಹಾಕುವ ಕೆಲಸ ಮಕ್ಕಳಿಗೆ ಕೊಡಿ. ಅವರು ಉಪವಾಸ ಮಾಡುವ ವಯಸ್ಸಿನವರಲ್ಲದಿದ್ದರೂ ಎಣಿಸುವುದು ಅವರಿಗೆ ಗೊತ್ತು.

ಡಬ್ಬಿಯನ್ನು ಯಾವಾಗ ತೆರೆಯಬೇಕು? ಈಸ್ಟರ್ ಮುಗಿದ ಮೇಲಲ್ಲ. ಆದಿಸಭೆಯ ಲೇಖಕ ತೆರ್ತುಲ್ಲಿಯನ್ ಬರೆದಂತೆ ಆದಿ ಕ್ರೈಸ್ತರು ಭಾನುವಾರಗಳಂದು, ಈಸ್ಟರಿನಿಂದ ಐವತ್ತನೆಯ ದಿನದ ಹಬ್ಬವಾದ ಪಂಚಾಶತ್ತಮದವರೆಗಿನ ಎಲ್ಲ ದಿನಗಳಲ್ಲೂ, ಉಪವಾಸವನ್ನು ತಪ್ಪೆಂದೇ ತಿಳಿದಿದ್ದರು. ಯೇಸು ಹೇಳಿದಂತೆ, ಮದಲಿಂಗ ಜೊತೆಯಲ್ಲಿರುವಾಗ ಮದುವೆಗೆ ಬಂದವರು ಹಸಿದಿರಲಾರರು. ಹಾಗಾಗಿ ಪವಿತ್ರ ವಾರದ ಬುಧವಾರವೇ ಎಣಿಸಿ, ಗುರುವಾರದೊಳಗೆ ಒಂದು ಬಡವರ ಮನೆಗೆ ತಲುಪಿಸಿ, ಶುಭ ಶುಕ್ರವಾರದ್ದನ್ನು ಮುಂಚಿತವಾಗಿಯೇ ಸೇರಿಸಿ. ಆ ಮನೆಯವರು ಶನಿವಾರ ಸಂತೆಗೆ ಹೋಗಿ ಬರಬೇಕು. ಭಾನುವಾರ ಅವರ ಒಲೆಯ ಮೇಲೂ ಹಬ್ಬದ ಅಡುಗೆ ಬೇಯಬೇಕು.